ಜೈಲಿನಲ್ಲಿ ಹತ್ತನೇ ತರಗತಿ: ಖರ್ಚು ಯಾರದು?

ಸಂದರ್ಶನದ ದಿನ ಜೈಲಿನ ಬಾಗಿಲಲ್ಲಿ ಸರದಿ ನಿಂತ ತಾಯಿಯ ತಲೆಯಲ್ಲಿ ಲೆಕ್ಕ ಓಡುತ್ತಿರುತ್ತದೆ: ವಕೀಲರಿಗಿಷ್ಟು, ಬಸ್ಸಿಗಿಷ್ಟು, ಮಗನ ಎಸ್ಸೆಸ್ಸೆಲ್ಸಿ ಶುಲ್ಕಕ್ಕೆಷ್ಟು? ಇದರಲ್ಲಿ ಕೆಲವು ಖರ್ಚು ಅವಳ ತಲೆಗೆ ಬರಬೇಕಾದುದೇ ಅಲ್ಲ.

ಮೊದಲು ವಯಸ್ಸು ನೋಡಿ

ಕೃತ್ಯ ನಡೆದ ದಿನ ಹುಡುಗನಿಗೆ 18 ತುಂಬಿರದಿದ್ದರೆ ಸಾಮಾನ್ಯವಾಗಿ ಅವನನ್ನು ಜೈಲಿನಲ್ಲಿ ಇಡುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಕಲಂ 10 ಇದನ್ನು ನಿಷೇಧಿಸಿದೆ. ಜೈಲಿನ ಬದಲು ಅವನನ್ನು ಇಡಬೇಕಾದ ವೀಕ್ಷಣಾಲಯದಂಥ ಸಂಸ್ಥೆಗಳಲ್ಲಿ ಶಿಕ್ಷಣ ಒದಗಿಸುವುದು ಕಲಂ 53ರಡಿ ಪುನರ್ವಸತಿ ಸೇವೆಯ ಭಾಗ. ವಯಸ್ಸಿನ ಪ್ರಶ್ನೆಯನ್ನು ಯಾವ ನ್ಯಾಯಾಲಯದಲ್ಲಾದರೂ, ಪ್ರಕರಣ ಮುಗಿದ ಮೇಲೂ ಎತ್ತಬಹುದು (ಕಲಂ 9). ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರಕ್ಕೆ ಮೊದಲ ಮನ್ನಣೆ. ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ. ಎರಡೂ ಸಿಗದಾಗ ಮಾತ್ರ ವೈದ್ಯಕೀಯ ಪರೀಕ್ಷೆ (ಕಲಂ 94).

18 ದಾಟಿದ್ದರೆ

ಸಂವಿಧಾನದ 21ಎ ವಿಧಿಯ ಉಚಿತ, ಕಡ್ಡಾಯ ಶಿಕ್ಷಣ 6ರಿಂದ 14 ವರ್ಷದವರಿಗೆ ಮಾತ್ರ. ಹಾಗೆಂದು ಜೈಲು ಸೇರಿದವನ ಓದು ಯಾರಿಗೂ ಸಂಬಂಧಿಸದ ವಿಷಯವಲ್ಲ. ಕೈದಿಯಾದ ಮಾತ್ರಕ್ಕೆ ಮೂಲಭೂತ ಹಕ್ಕುಗಳು ಕಳಚಿ ಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಸುನಿಲ್ ಬಾತ್ರಾ ಪ್ರಕರಣದಲ್ಲಿ ಹೇಳಿದೆ. ಕೇಂದ್ರದ 2016ರ ಮಾದರಿ ಕಾರಾಗೃಹ ಕೈಪಿಡಿ ಕೈದಿಗಳ ಶಿಕ್ಷಣಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ (ಎನ್‌ಐಒಎಸ್) ಮೂಲಕ ಜೈಲಿನಿಂದಲೇ ಹತ್ತನೇ ತರಗತಿ ಕಟ್ಟಬಹುದು.

ಮಾಡಬೇಕಾದ್ದು

1. ಕೊನೆಗೆ ಓದಿದ ಶಾಲೆಯಿಂದ ಟಿ.ಸಿ., ಅಂಕಪಟ್ಟಿ ಪಡೆಯಿರಿ. ಸತಾಯಿಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಲಿಖಿತ ದೂರು ಕೊಡಿ.

2. ಜೈಲು ಅಧೀಕ್ಷಕರಿಗೆ ಅರ್ಜಿ ಕೊಡಿ. ಬಾಕಿ ವಿಷಯಗಳು, ಮಾಧ್ಯಮ ಬರೆದು, ಪುಸ್ತಕ ಒದಗಿಸುವಂತೆ, ಪರೀಕ್ಷಾ ಶುಲ್ಕ ಮನ್ನಾ ಮಾಡುವಂತೆ ಅಥವಾ ಇಲಾಖೆಯೇ ಭರಿಸುವಂತೆ ಕೋರಿ. ನಕಲು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

3. ಪರೀಕ್ಷಾ ಕೇಂದ್ರ ಹೊರಗಿದ್ದರೆ ವಿಚಾರಣಾಧೀನ ಕೈದಿಗೆ ನ್ಯಾಯಾಲಯದ ಅನುಮತಿ ಬೇಕು. ವೇಳಾಪಟ್ಟಿ ಬಂದ ಕೂಡಲೇ ಅರ್ಜಿ ಹಾಕಿಸಿ. ಬೆಂಗಾವಲು ಪೊಲೀಸರ ವೆಚ್ಚವನ್ನು ಸರ್ಕಾರವೇ ಹೊರಲಿ ಎಂಬ ಸಾಲೂ ಅದರಲ್ಲಿರಲಿ. ಬರೆಯದೆ ಬಿಟ್ಟರೆ ಆ ಬಿಲ್ಲು ಕುಟುಂಬದ ಮೇಲೆ ಬೀಳಬಹುದು.

4. ಈ ಅರ್ಜಿಗಳಿಗೆ ವಕೀಲರ ಶುಲ್ಕ ಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಂತೆ ಬಂಧನದಲ್ಲಿರುವ ವ್ಯಕ್ತಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಲೆಕ್ಕ ಕೇಳಿ

ದೇಶದ ಜೈಲುಗಳಲ್ಲಿ ಕೈದಿಗಳಿಗಾಗಿ ಮಾಡುವ ವೆಚ್ಚದಲ್ಲಿ ದೊಡ್ಡ ಪಾಲು ಊಟಕ್ಕೆ ಹೋಗುತ್ತದೆ. ಶಿಕ್ಷಣ, ವೃತ್ತಿ ತರಬೇತಿ ಎರಡೂ ಸೇರಿದರೂ ಸಿಗುವುದು ಚೂರುಪಾರು. ನಿಮ್ಮೂರ ಜೈಲಿಗೆ ಓದಿಗೆಂದು ಬಂದ ಹಣವೆಷ್ಟು, ಖರ್ಚಾದದ್ದೆಷ್ಟು, ಪರೀಕ್ಷೆ ಕಟ್ಟಿದವರೆಷ್ಟು ಎಂದು ಯಾರು ಬೇಕಾದರೂ ಮಾಹಿತಿ ಹಕ್ಕಿನಡಿ ಕೇಳಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಉತ್ತರಕ್ಕೆ ಗಡುವು 30 ದಿನ.

ಮುಂದಿನ ಸಂದರ್ಶನಕ್ಕೆ ಮೊದಲು ಮಗನ ಹಳೇ ಶಾಲೆಗೆ ಒಮ್ಮೆ ಹೋಗಿಬನ್ನಿ. ಅಲ್ಲಿಂದ ತರುವ ಕಾಗದ ಪರೀಕ್ಷೆಗೂ ಬೇಕು, ವಯಸ್ಸಿನ ಪ್ರಶ್ನೆ ಎದ್ದರೆ ಕೋರ್ಟಿಗೂ ಬೇಕು.