ಹೋಟೆಲಿನ ದೋಸೆ, ಮನೆಯ ಪಾಯಸ

ವಿದ್ಯಾಲಯದ ಸ್ಮರಣಸಂಚಿಕೆಯಲ್ಲಿ ತಿಂಡಿಯ ವಿಷಯವಾಗಿ ಬರೆಯುವುದು ತಕ್ಕುದೇ ಎಂದು ಯಾರಾದರೂ ಕೇಳಿದರೆ ನಾವು ಆಶ್ಚರ್ಯಪಡುವುದಿಲ್ಲ. ವ್ಯಾಕರಣಕ್ಕೂ ಬೀಜಗಣಿತಕ್ಕೂ ಸಲ್ಲುವ ಗೌರವವು ದೋಸೆಗೆ ಎಂದೂ ಸಂದುದಿಲ್ಲ. ಆದರೂ ನಮ್ಮ ನಾಡಿನ ಹಿರಿಯರು ಅಡಿಗೆಯನ್ನು ಬರೆಹಕ್ಕೆ ಅಯೋಗ್ಯವೆಂದು ತಿಳಿದಿರಲಿಲ್ಲ. ಚಾವುಂಡರಾಯನೆಂಬವನು ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಬಾವಿ, ತೋಟ, ಮದ್ದು ಮೊದಲಾದವುಗಳ ನಡುವೆ ಅಡಿಗೆಗೂ ಸ್ಥಾನವುಂಟು. ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ದೋಸೆಯ ಪೂರ್ವಜನಾದ ‘ಧೋಸಕ’ವು ಕಾಣಸಿಗುತ್ತದೆ. 1508ರ ಸುಮಾರಿಗೆ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಕನ್ನಡದಲ್ಲಿ ಬರೆದಿಟ್ಟನು. ಅರಸರೂ ಕವಿಗಳೂ ನಾಚದೆ ಮಾಡಿದ ಕೆಲಸಕ್ಕೆ ನಾವು ನಾಚಬೇಕಾದುದಿಲ್ಲ.

ನಾವು ಅಕ್ಕತಂಗಿಯರಿಬ್ಬರೂ ತಿಂಡಿಪ್ರಿಯರು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಏಕೆಂದರೆ ನಮ್ಮ ಜೊತೆಯಲ್ಲಿ ಓದಿದವರೆಲ್ಲರೂ ಇದನ್ನು ಬಲ್ಲರು. ಯಾವುದನ್ನು ಹೊರಗೆ ತಿನ್ನತಕ್ಕದ್ದು, ಯಾವುದನ್ನು ಮನೆಯಲ್ಲಿ ಮಾಡಿಕೊಳ್ಳತಕ್ಕದ್ದು ಎಂಬ ವಿಷಯದಲ್ಲಿ ನಮ್ಮೊಳಗೆ ಬಹುಕಾಲ ವಾದ ನಡೆದು, ಕೊನೆಗೆ ಒಂದು ತೀರ್ಮಾನಕ್ಕೆ ಬಂದಿದ್ದೇವೆ. ದೋಸೆಯು ಹೋಟೆಲಿನದೇ ಮೇಲು; ಸಿಹಿಯಾದರೋ ಮನೆಯದೇ ಮೇಲು. ಇದು ಬರಿಯ ನಾಲಗೆಯ ಮಾತಲ್ಲ, ಇದಕ್ಕೆ ಕಾರಣಗಳುಂಟು. ಆ ಕಾರಣಗಳನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ.

ಮೊದಲು ಹೋಟೆಲಿನ ಸಂಗತಿ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಉಡುಪಿಯ ಸುತ್ತಮುತ್ತಲಿನ ಹಳ್ಳಿಗಳಿಂದ ಅನೇಕ ಯುವಕರು ಕೈಗುಣವೊಂದನ್ನೇ ಬಂಡವಾಳವಾಗಿ ಮಾಡಿಕೊಂಡು ದೊಡ್ಡ ಪಟ್ಟಣಗಳಿಗೆ ಹೊರಟುಹೋದರು. 1924ರಲ್ಲಿ ಮಯ್ಯ ಸಹೋದರರು ಬೆಂಗಳೂರಿನಲ್ಲಿ ತೆರೆದ ಚಿಕ್ಕ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸನ್ನು ಸ್ಥಾಪಿಸಿದರು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಊಟದ ಮನೆಯು 1942ರಲ್ಲಿ ಆರಂಭವಾಯಿತು. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವು 1943ರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಕ್ಕದೆ ಹೋದಾಗ ರವೆಯಿಂದ ಇಡ್ಲಿ ಮಾಡಿದವರು ತಾವೇ ಎಂದು ಮಾವಳ್ಳಿಯವರು ಹೇಳುತ್ತಾರೆ. ಬರಗಾಲದಲ್ಲಿ ಹುಟ್ಟಿದ ತಿಂಡಿಯು ಸುಭಿಕ್ಷದಲ್ಲಿಯೂ ಉಳಿದುಕೊಂಡುದು ಅದರ ರುಚಿಗೆ ಸಾಕ್ಷಿ.

ಈ ಹೋಟೆಲುಗಳ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿತ್ತೆಂದು ನಮ್ಮ ಕಿರಿಯ ಸಹೋದರಿಯರು ಭಾವಿಸಬಾರದು. ಬ್ರಾಹ್ಮಣರಿಗೆ ಬೇರೆ ಸ್ಥಳ, ಇತರರಿಗೆ ಬೇರೆ ಸ್ಥಳ ಎಂಬ ಹಲಗೆಗಳು ಅನೇಕ ಕಡೆಗಳಲ್ಲಿ ತೂಗುತ್ತಿದ್ದವು. ಕೆಲವರಿಗೆ ಹೊಸ್ತಿಲನ್ನು ದಾಟುವ ಅವಕಾಶವೇ ಇರಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಹೋಟೆಲು, ಉಪಾಹಾರಗೃಹಗಳಿಗೆ ಜಾತಿ, ಮತ, ಲಿಂಗಗಳ ಕಾರಣದಿಂದ ಯಾರ ಪ್ರವೇಶವನ್ನೂ ತಡೆಯಕೂಡದೆಂದು ವಿಧಿಸಿತು. ‘ಲಿಂಗ’ ಎಂಬ ಆ ಒಂದು ಶಬ್ದವನ್ನು ನಾವು ಹೆಣ್ಣುಮಕ್ಕಳು ಗಮನಿಸತಕ್ಕದ್ದು. ಕಾನೂನು ತಡೆಯದಿದ್ದರೂ ವಾಡಿಕೆಯು ತಡೆಯುತ್ತಿತ್ತು. ಸ್ತ್ರೀಯರು ಹೋಟೆಲಿಗೆ ಹೋದರೆ ಮೂಲೆಯಲ್ಲಿ ಅರ್ಧ ಬಾಗಿಲಿನ ‘ಫ್ಯಾಮಿಲಿ ರೂಮು’ ಒಂದೇ ಗತಿ. ಅದೂ ಗಂಡಸರು ಸಂಗಡ ಇದ್ದರೆ. ಅಡಿಗೆಮನೆಯಲ್ಲಿ ಹಗಲಿರುಳು ದುಡಿಯುವವರಿಗೆ ಬೇರೆಯವರ ಅಡಿಗೆಯನ್ನು ಕುಳಿತು ತಿನ್ನುವ ಸಂತೋಷವು ಬಹುಕಾಲ ದೊರೆಯಲಿಲ್ಲ. ಈ ಮಾತಿಗೆ ಮುಂದೆ ಪುನಃ ಬರುತ್ತೇವೆ.

ಈಗ ದೋಸೆ. ಹಿಟ್ಟು ಹುದುಗುವುದು ಹೋಟೆಲಿನಲ್ಲಿಯೂ ಮನೆಯಲ್ಲಿಯೂ ಒಂದೇ ರೀತಿ. ಉದ್ದಿನಬೇಳೆಯಲ್ಲಿ ಸಹಜವಾಗಿಯೇ ಇರುವ ಲ್ಯೂಕೊನೊಸ್ಟಾಕ್ ಮುಂತಾದ ಸೂಕ್ಷ್ಮಜೀವಿಗಳು ರಾತ್ರಿಯೆಲ್ಲಾ ಹಿಟ್ಟಿನ ಸಕ್ಕರೆಯನ್ನು ತಿಂದು, ಹುಳಿಯನ್ನೂ ಇಂಗಾಲಾಮ್ಲವಾಯುವನ್ನೂ ಉಂಟುಮಾಡುತ್ತವೆ. ಉದ್ದಿನ ಲೋಳೆಯು ಆ ವಾಯುವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಿಟ್ಟು ಉಬ್ಬುತ್ತದೆ. ಇಲ್ಲಿಯವರೆಗೆ ಮನೆಗೂ ಹೋಟೆಲಿಗೂ ಭೇದವಿಲ್ಲ. ಭೇದವೆಲ್ಲಾ ಕಾವಲಿಯಲ್ಲಿದೆ.

ಹೋಟೆಲಿನ ಕಾವಲಿಯೆಂದರೆ ಮೇಜಿನಷ್ಟು ಅಗಲದ ದಪ್ಪ ಕಬ್ಬಿಣದ ಹಲಗೆ. ಮುಂಜಾವದಲ್ಲಿ ಕಾದುದು ಮಧ್ಯಾಹ್ನದ ತನಕ ಆರುವುದಿಲ್ಲ. ದೋಸೆಯು ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಗಬೇಕಾದರೆ ಅದರ ತಳಭಾಗವು ಸುಮಾರು 140 ಡಿಗ್ರಿ ಸೆಂಟಿಗ್ರೇಡನ್ನು ದಾಟಬೇಕು. ನೀರಿನ ಅಂಶವು ತುಂಬಿರುವ ತನಕ ಹಿಟ್ಟಿನ ಶಾಖವು 100 ಡಿಗ್ರಿಯ ಹತ್ತಿರವೇ ನಿಂತುಬಿಡುತ್ತದೆ. ದಪ್ಪ ಕಬ್ಬಿಣವು ತನ್ನಲ್ಲಿ ಕೂಡಿಟ್ಟ ಶಾಖವನ್ನು ಒಮ್ಮೆಗೇ ಕೊಟ್ಟು ಆ ನೀರನ್ನು ಆವಿಮಾಡಿ ಓಡಿಸುತ್ತದೆ. ದೋಸೆ ಹೊಯ್ಯುವವನು ನೀರು ಚಿಮುಕಿಸಿ, ಹಿಡಿಸೂಡಿಯಿಂದ ಸರ್ರನೆ ಗುಡಿಸುವುದನ್ನು ನೀವು ಕಂಡಿರಬಹುದು. ಅದು ಶುಚಿಗಾಗಿ ಮಾತ್ರವಲ್ಲ. ಕಾವಲಿಯ ಮೇಲ್ಮೈಯನ್ನು ಒಂದು ಗಳಿಗೆ ತಣಿಸಿದರೆ ಹಿಟ್ಟು ಅಂಟಿಕೊಳ್ಳದೆ ತೆಳ್ಳಗೆ ಹರಡುತ್ತದೆ. ಒಳಗಿನ ಶಾಖವು ಕೂಡಲೇ ಮೇಲಕ್ಕೆ ಬಂದು ಅದನ್ನು ಬೇಯಿಸುತ್ತದೆ. ಮನೆಯ ತೆಳು ಕಾವಲಿಯಲ್ಲಿ ನಡುವೆ ಬೆಂಕಿ, ಅಂಚಿನಲ್ಲಿ ಚಳಿ. ಮೊದಲನೆಯ ದೋಸೆ ಹರಿಯುತ್ತದೆ, ಎರಡನೆಯದು ಸೀಯುತ್ತದೆ, ಹದ ಬರುವಷ್ಟರಲ್ಲಿ ಹಿಟ್ಟು ಮುಗಿದಿರುತ್ತದೆ. ಮನೆಯ ಮೆತ್ತನೆಯ ದೋಸೆಗೆ ಅದರದೇ ಆದ ಸೊಗಸು ಇದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಸಾಲೆದೋಸೆಯನ್ನು ತಿನ್ನಬೇಕೆಂದಾಗ ಹೋಟೆಲಿಗೆ ಹೋಗುವುದೇ ವಿವೇಕ.

ಹೀಗಿರಲು ಸಿಹಿಯಲ್ಲಿ ಹೋಟೆಲು ಏಕೆ ಹಿಂದೆ ಬೀಳುತ್ತದೆ? ಹೋಟೆಲಿನ ಸಿಹಿಯು ಗಾಜಿನ ಕಪಾಟಿನಲ್ಲಿ ಕಾಯಬೇಕು. ಇವೊತ್ತು ಹೋಗದಿದ್ದರೆ ನಾಳೆ ಹೋಗಬೇಕು. ಆದಕಾರಣ ಕೆಡದೆ ನಿಲ್ಲುವ ಸಿಹಿಗಳೇ ಅಲ್ಲಿ ಮುಖ್ಯವಾಗಿ ಇರುತ್ತವೆ. ಮೈಸೂರು ಪಾಕನ್ನು ನೋಡಿರಿ. ಇದನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಕಾಕಾಸುರ ಮಾದಪ್ಪನವರು ಮೊದಲು ಮಾಡಿದರೆಂದು ಪ್ರತೀತಿ. ಸಕ್ಕರೆಯ ಪಾಕಕ್ಕೆ ಕಡಲೆಹಿಟ್ಟನ್ನು ಸೇರಿಸಿ, ಮೇಲಿಂದ ಕಾದ ತುಪ್ಪವನ್ನು ಹೊಯ್ಯುತ್ತಾ ಹೋದರೆ, ಪಾಕದಲ್ಲಿ ಉಳಿದ ನೀರು ಥಟ್ಟನೆ ಆವಿಯಾಗಿ ಹೊರಡುತ್ತದೆ. ಅದು ಹೊರಟ ದಾರಿಗಳೇ ನಾವು ಕಾಣುವ ತೂತುಗಳು. ನೀರು ಹೋಯಿತು, ಉಳಿದ ಅಲ್ಪ ನೀರನ್ನೂ ಸಕ್ಕರೆಯು ಕಟ್ಟಿಹಾಕಿತು. ಸೂಕ್ಷ್ಮಜೀವಿಗಳಿಗೆ ಬದುಕುವ ಉಪಾಯವಿಲ್ಲ. ಹೀಗಾಗಿ ಅದು ಅನೇಕ ದಿನ ನಿಲ್ಲುತ್ತದೆ. ಮೈಸೂರು ಪಾಕನ್ನು ನಾವು ದೂಷಿಸುವುದಿಲ್ಲ. ಸಿಕ್ಕಿದರೆ ಬಿಡುವುದೂ ಇಲ್ಲ. ಆದರೆ ಸಿಹಿಯ ಲೋಕದಲ್ಲಿ ಅತ್ಯಂತ ಸೂಕ್ಷ್ಮವಾದ ರುಚಿಗಳು ನಿಲ್ಲದ ಸಿಹಿಗಳಲ್ಲಿಯೇ ಇರುವುವೆಂಬುದು ನಮ್ಮ ಅನುಭವ.

ಇದಕ್ಕೆ ಅಪವಾದಗಳುಂಟು. ಕ್ರಿಸ್‌ಮಸ್ ಕಾಲದಲ್ಲಿ ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಮಾಡುವ ‘ಕುಸ್ವಾರ್’ ಮನೆಯದೇ ಆದರೂ ನಿಲ್ಲುವಂಥದು. ನೆವ್ರಿ, ಕಿಡಿಯೊ, ಗುಳಿಯೊ ಮುಂತಾದವು ತಟ್ಟೆಯಲ್ಲಿ ನೆರೆಮನೆಗಳಿಗೆ ಹೋಗಬೇಕಾದುದರಿಂದ ಹಾಗೆ ಏರ್ಪಟ್ಟಿರಬೇಕು. ಹಾಗೆಯೇ ಹಿಮದ ಸಿಹಿಯಲ್ಲಿ ಮನೆಯು ಸೋಲನ್ನೊಪ್ಪಬೇಕು. ಮಂಗಳೂರಿನ ಐಡಿಯಲ್ ಐಸ್‌ಕ್ರೀಮ್ ಅಂಗಡಿಯು 1975ರಲ್ಲಿ ತೆರೆಯಿತು. ಉದ್ದನೆಯ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿ, ಬಗೆಬಗೆಯ ಐಸ್‌ಕ್ರೀಮುಗಳನ್ನು ಒಂದರ ಮೇಲೊಂದು ತುಂಬಿಸಿದ ‘ಗಡ್‌ಬಡ್’ ಅಂಥ ಅಂಗಡಿಗಳಲ್ಲಿಯೇ ತಿನ್ನತಕ್ಕದ್ದು.

ಇನ್ನು ಪಾಯಸಕ್ಕೆ ಬರೋಣ. ಇಲ್ಲಿ ನಮ್ಮ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಬಾಲ್ಯದಲ್ಲಿ ಒಂದು ದಿನ ತಾಯಿಯವರು ಮನೆಯಲ್ಲಿರಲಿಲ್ಲ, ಸೋದರಮಾವನವರು ಬಂದರು. ನಾವು ಶಾವಿಗೆ ಪಾಯಸವನ್ನು ಮಾಡಹೊರಟೆವು. ಸಕ್ಕರೆಯಿಲ್ಲ, ಬೆಲ್ಲವಿತ್ತು. ಕುದಿಯುವ ಹಸುವಿನ ಹಾಲಿಗೆ ಬೆಲ್ಲವನ್ನು ಹಾಕಿ ಇನ್ನೂ ಚೆನ್ನಾಗಿ ಕುದಿಸಿದೆವು. ಹಾಲು ಒಡೆದು ಮೊಸರಿನ ಚೂರುಗಳಂತೆ ಆಯಿತು. ಮಾವನವರು ಒಂದು ಚಮಚ ಬಾಯಿಗಿಟ್ಟು, “ಮಕ್ಕಳೇ, ಇದು ಪಾಯಸವೋ ಮಜ್ಜಿಗೆಹುಳಿಯೋ?” ಎಂದು ಕೇಳಿದರು. ಆದರೂ ಅವರು ಬಟ್ಟಲನ್ನು ಪೂರ್ತಿಯಾಗಿ ಬರಿದುಮಾಡಿದರೆಂಬುದನ್ನು ಇಲ್ಲಿ ಕೃತಜ್ಞತೆಯಿಂದ ಬರೆಯುತ್ತೇವೆ.

ಬೆಲ್ಲದಲ್ಲಿ ಸ್ವಲ್ಪ ಹುಳಿಯ ಗುಣವುಂಟು. ಹಾಲು ಬಿಸಿಯಾಗಿರುವಾಗ ಆ ಹುಳಿಯು ತಾಗಿದರೆ ಅದರ ಸತ್ತ್ವವು ಗಂಟುಗಟ್ಟುತ್ತದೆ. ಬೆಲ್ಲವನ್ನು ಬೇರೆಯಾಗಿ ನೀರಿನಲ್ಲಿ ಕರಗಿಸಿ, ಸೋಸಿ, ಆರಿಸಿ, ಒಲೆಯಿಂದ ಇಳಿಸಿದ ಹಾಲು ತಣಿದ ಮೇಲೆ ಬೆರಸಬೇಕು. ಬೆರಸಿದ ಬಳಿಕ ಕುದಿಸಕೂಡದು. ನಮ್ಮ ಕರಾವಳಿಯ ಅಜ್ಜಿಯಂದಿರು ಈ ಗೊಡವೆಯೇ ಬೇಡವೆಂದು ತೆಂಗಿನಕಾಯಿಯ ಹಾಲನ್ನು ಹಿಡಿದರು. ಕಡಲೆಬೇಳೆಯ ಪಾಯಸವನ್ನೇ ತೆಗೆದುಕೊಳ್ಳಿರಿ. ತುರಿದ ಕಾಯಿಯನ್ನು ಅರೆದು ಹಿಂಡಿದಾಗ ಮೊದಲು ಬರುವ ದಪ್ಪ ಹಾಲನ್ನು ಬೇರೆ ಇಡುವುದು. ಅದೇ ಕಾಯಿಗೆ ನೀರು ಸೇರಿಸಿ ಇನ್ನೆರಡು ಸಾರಿ ಹಿಂಡಿದ ತೆಳು ಹಾಲಿನಲ್ಲಿ ಬೆಂದ ಬೇಳೆಯನ್ನೂ ಬೆಲ್ಲವನ್ನೂ ಕುದಿಸುವುದು. ದಪ್ಪ ಹಾಲನ್ನು ಕೊನೆಯಲ್ಲಿ ಹಾಕಿ, ಹಬೆ ಕಾಣಿಸಿಕೊಂಡ ಕೂಡಲೇ ಇಳಿಸಿಬಿಡುವುದು. ಕುದಿಸಿದರೆ ಅದರ ಎಣ್ಣೆ ಬೇರೆಯಾಗಿ ತೇಲುತ್ತದೆ, ಪರಿಮಳವು ಹಾರಿಹೋಗುತ್ತದೆ. ಇಂಥ ಪಾಯಸವು ನಮ್ಮ ಸೆಕೆಯಲ್ಲಿ ಬೆಳಗ್ಗಿನಿಂದ ರಾತ್ರಿಯ ತನಕ ನಿಲ್ಲುವುದೂ ಕಷ್ಟ. ಮತ್ತೆ ಮತ್ತೆ ಬಿಸಿಮಾಡುವ ಹೋಟೆಲಿನ ದೊಡ್ಡ ಪಾತ್ರೆಗೆ ಇದು ಒಗ್ಗುವುದಾದರೂ ಹೇಗೆ?

ಇದಕ್ಕಿಂತಲೂ ಅಲ್ಪಾಯುವಾದುದು ಅರಸಿನ ಎಲೆಯ ಕಡುಬು. ಕೊಂಕಣಿಯಲ್ಲಿ ಇದನ್ನು ಪಾತೊಳಿ ಎನ್ನುತ್ತಾರೆ. ಮಳೆಗಾಲದಲ್ಲಿ ಅರಸಿನದ ಎಲೆಗಳು ಹಸುರಾಗಿ ಎದ್ದಾಗಲೇ ಇದರ ಕಾಲ. ನಾಗರಪಂಚಮಿಗೆ ಹಿಂದೂ ಮನೆಗಳಲ್ಲಿಯೂ, ಆಗಸ್ಟ್ 15ರ ಮರಿಯಮ್ಮನವರ ಹಬ್ಬಕ್ಕೆ ಕ್ಯಾಥೊಲಿಕ್ ಮನೆಗಳಲ್ಲಿಯೂ ಒಂದೇ ಎಲೆಯು ಹಬೆಯಲ್ಲಿ ಬೇಯುತ್ತದೆ. ನೆನೆದ ಅಕ್ಕಿಯನ್ನು ನುಣ್ಣಗೆ, ದಪ್ಪವಾಗಿ ಅರೆದು, ಚಿಟಿಕೆ ಉಪ್ಪು ಸೇರಿಸಿ, ಎಲೆಯ ಮೇಲೆ ಬೆರಳಿನಿಂದ ತೆಳ್ಳಗೆ ಸವರಬೇಕು. ಕಾಯಿತುರಿ, ಬೆಲ್ಲ, ಏಲಕ್ಕಿಗಳ ಹೂರಣವನ್ನು ಅರ್ಧಕ್ಕೆ ಹರಡಿ, ನಡುನರದ ಗುಂಟ ಮಡಚಿ, ಹಬೆಯಲ್ಲಿ ಬೇಯಿಸಬೇಕು. ಎಲೆಯನ್ನು ಬಿಡಿಸಿದಾಗ ಅದರ ನರಗಳ ಅಚ್ಚು ಕಡುಬಿನ ಮೇಲೆ ಮೂಡಿರುತ್ತದೆ. ಆ ಪರಿಮಳವು ಬಿಸಿಯಿರುವ ತನಕ ಮಾತ್ರ. ಹತ್ತು ನಿಮಿಷ ಕಳೆದರೆ ಅದು ಒಳ್ಳೆಯ ಕಡುಬು; ಮೊದಲಿನ ಹತ್ತು ನಿಮಿಷ ಅದಕ್ಕೆ ಹೋಲಿಕೆಯೇ ಇಲ್ಲ.

ಇಲ್ಲಿಯವರೆಗೆ ಬರೆದ ಮೇಲೆ ನಮ್ಮ ವಾದದಲ್ಲಿ ಒಂದು ಬಿರುಕು ನಮಗೇ ಕಾಣಿಸಿತು. ಮನೆಯ ಸಿಹಿಯ ಸೊಗಸೆಲ್ಲಾ ಮೊದಲಿನ ಹತ್ತು ನಿಮಿಷದಲ್ಲಿದ್ದರೆ, ಆ ಹತ್ತು ನಿಮಿಷಗಳಲ್ಲಿ ಅದನ್ನು ಮಾಡಿದವರು ಎಲ್ಲಿರುತ್ತಾರೆ? ಒಲೆಯ ಮುಂದೆ ಇರುತ್ತಾರೆ. ಎರಡನೆಯ ಬಾರಿಗೆ ಎಲೆ ಸವರುತ್ತಿರುತ್ತಾರೆ. ಎಲ್ಲರ ಊಟವಾದ ಮೇಲೆ ಅವರ ಎಲೆಗೆ ಬೀಳುವುದು ಆರಿಹೋದ ಕಡುಬು, ತಳದಲ್ಲಿ ಉಳಿದ ಪಾಯಸ. ನಾವು ಇಷ್ಟು ವರ್ಷ ಹೊಗಳಿದ ರುಚಿಯನ್ನು ನಮ್ಮ ತಾಯಿಯವರು ಒಮ್ಮೆಯಾದರೂ ಬಲ್ಲರೇ ಎಂದು ನಾವು ಕೇಳಿಕೊಂಡುದೇ ಇಲ್ಲ.

ಅದು ನಮಗೆ ಗೊತ್ತಾದುದು ಒಂದು ಹೋಟೆಲಿನಲ್ಲಿ. ಹೊರಗಿನ ತಿಂಡಿಯನ್ನು ಎಂದೂ ಬಯಸದಿದ್ದ ತಾಯಿಯವರನ್ನು ಬಲವಂತವಾಗಿ ಕರೆದುಕೊಂಡು ಹೋದೆವು. ಮಸಾಲೆದೋಸೆ ಬಂದಿತು. ಅವರು ತುದಿಯನ್ನು ಮುರಿದು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಉಪ್ಪು ಹೆಚ್ಚಾಯಿತೋ ಎಂದು ನಾವು ಹೆದರಿದೆವು. “ಮದುವೆಯಾಗಿ ಮೂವತ್ತೈದು ವರ್ಷವಾಯಿತು. ಕಾವಲಿಯಿಂದ ಇಳಿದ ದೋಸೆ ಹೀಗಿರುತ್ತದೆಂದು ಮರೆತೇಹೋಗಿತ್ತು” ಎಂದರು. ಅವರು ಹೋಟೆಲಿನವನ ಕೈಗುಣವನ್ನು ಹೊಗಳಲಿಲ್ಲ. ಚಟ್ನಿ ನೀರಾಗಿದೆಯೆಂದೇ ಹೇಳಿದರು. ಬಿಸಿಯಾಗಿತ್ತು, ತಾವು ಕುಳಿತಿದ್ದರು, ಇಷ್ಟೇ.

ಮುಂದಿನ ಶ್ರಾವಣದಲ್ಲಿ ನಾವಿಬ್ಬರೂ ಅಕ್ಕಿಯನ್ನು ಅರೆದು ಎಲೆಗಳನ್ನು ಒರಸಿಟ್ಟೆವು. ತಾಯಿಯವರನ್ನು ಮೊದಲು ಮಣೆಯ ಮೇಲೆ ಕುಳ್ಳಿರಿಸಿದೆವು. ಅವರು ಎರಡು ಸಾರಿ ಏಳಲು ನೋಡಿದರು, ಎರಡು ಸಾರಿಯೂ ಬಿಡಲಿಲ್ಲ. ಹಬೆಯಾಡುವ ಕಡುಬನ್ನು ಎಲೆಯಿಂದ ಬಿಡಿಸಿ ತಿಂದು, “ಹಿಟ್ಟು ದಪ್ಪವಾಯಿತು” ಎಂದರು. ಎರಡನೆಯ ಬಾರಿ ತೆಳ್ಳಗೆ ಸವರಿದೆವು. “ಈಗ ಬೆಲ್ಲ ಕಡಿಮೆ” ಎಂದು ಹೇಳಿ ಅದನ್ನೂ ತಿಂದರು. ಮೂರನೆಯ ಬಾರಿಗೆ ಹಬೆಯ ಪಾತ್ರೆಯನ್ನು ಒಲೆಯಿಂದ ಇಳಿಸುವಾಗ ಅವರು ಇನ್ನೂ ಮಣೆಯ ಮೇಲೆಯೇ ಕುಳಿತಿದ್ದರು.