ಎಲ್ಲರ ನಾಡಿಯೂ 72: ಏಳನೆಯ ತರಗತಿಯಲ್ಲಿ ರೋಗಿಯ ಆರೈಕೆಯ ಒಂದು ಪಾಠ

ಬೋಧನಾಭ್ಯಾಸದ ಮೂರನೆಯ ವಾರ ನಾನು ಏಳನೆಯ ತರಗತಿಗೆ ನಾಡಿಬಡಿತದ ಪಾಠ ಮಾಡಿದೆ. ವೀಕ್ಷಕರ ಟಿಪ್ಪಣಿಯ ಪ್ರಕಾರ ಪಾಠ ಚೆನ್ನಾಗಿತ್ತು. 'ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಉತ್ತಮ, ಚಟುವಟಿಕೆ ಸೂಕ್ತ' ಎಂದು ಬರೆದಿದ್ದರು. ಆ ಪಾಠ ನಿಜವಾಗಿ ಎಲ್ಲಿ ಕೆಟ್ಟಿತ್ತು, ಅದೇ ತರಗತಿಗೆ ಅದನ್ನು ಮತ್ತೊಮ್ಮೆ ಹೇಗೆ ಮಾಡಿದೆ ಎಂಬುದು ಈ ಲೇಖನದ ವಿಷಯ.

ಶಾಲೆ ವಿಜಯನಗರದ ಕಡೆಯದು, ಕನ್ನಡ ಮಾಧ್ಯಮ. ಅಂದು ಹಾಜರಿದ್ದವರು 38 ಮಕ್ಕಳು. ನನ್ನ ಪಾಠಯೋಜನೆ 5ಇ ಮಾದರಿಯಲ್ಲಿತ್ತು. ಆದರೆ ನಲವತ್ತು ನಿಮಿಷದಲ್ಲಿ ಮುಗಿಸುವ ಆತುರದಲ್ಲಿ ಅನ್ವೇಷಣೆಗಿಂತ ಮೊದಲೇ ವಿವರಣೆ ಕೊಟ್ಟುಬಿಟ್ಟೆ. ವಿಶ್ರಾಂತಿಯಲ್ಲಿರುವ ವ್ಯಕ್ತಿಯ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 72ರಿಂದ 80 ಎಂದು ಪುಸ್ತಕದಲ್ಲಿದ್ದಂತೆ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದು, ಕೆಳಗೆ ಗೆರೆಯನ್ನೂ ಎಳೆದೆ. ಆಮೇಲೆ 'ಈಗ ನಿಮ್ಮ ನಿಮ್ಮ ನಾಡಿ ಎಣಿಸಿ' ಎಂದೆ. ಒಂದು ನಿಮಿಷದ ನಂತರ ಕೇಳಿದ ಪ್ರಶ್ನೆ ಇದು: 'ಎಲ್ಲರಿಗೂ ಎಪ್ಪತ್ತೆರಡು ಬಂತಾ?'

'ಬಂತೂ ಮಿಸ್' ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು.

ಸಂಜೆ ಪುಸ್ತಕ ತಿದ್ದುವಾಗ ನೋಡಿದರೆ ಬಹುಪಾಲು ಪುಸ್ತಕಗಳಲ್ಲಿ 72. ಕೆಲವರು 76, ಒಬ್ಬಿಬ್ಬರು 80. ಒಂದು ಪುಸ್ತಕದಲ್ಲಿ ಮಾತ್ರ 72ರ ಅಡಿಯಲ್ಲಿ ರಬ್ಬರಿನಿಂದ ಉಜ್ಜಿದ ಗುರುತು ಇತ್ತು. ಬೆಳಕಿಗೆ ಹಿಡಿದಾಗ ಪೆನ್ಸಿಲ್ಲು ಒತ್ತಿದ ಜಾಗದಲ್ಲಿ 104 ಎಂದು ಓದಲು ಬಂತು. ಮುಂದಿನ ಬೆಂಚಿನ, ಹೆಚ್ಚು ಮಾತಾಡದ ಹುಡುಗಿ. ಮಾರನೆಯ ದಿನ ಅವಳು ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಜ್ವರ ಎಂದು ಪಕ್ಕದ ಮನೆಯ ಹುಡುಗಿ ಹೇಳಿದಳು. ಜ್ವರ ಏರಿದಾಗ ನಾಡಿಯೂ ಏರುತ್ತದೆ. ಆ 104 ಜ್ವರದ್ದೋ, ಪ್ರಾರ್ಥನೆ ಮುಗಿಸಿ ಮೆಟ್ಟಿಲು ಓಡಿಕೊಂಡು ಹತ್ತಿದ್ದರದ್ದೋ ನಾನು ಹೇಳಲಾರೆ. ಆದರೆ ಇಡೀ ತರಗತಿಯಲ್ಲಿ ನಿಜವಾಗಿ ಎಣಿಸಿದವಳು ಅವಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವಳು ಅಳಿಸುವ ಹಾಗೆ ಮಾಡಿದ್ದು ನನ್ನ ಕಪ್ಪುಹಲಗೆ.

ನಾನಿರುವ ಪಿ.ಜಿ.ಯಲ್ಲಿ ನನ್ನ ಕೋಣೆಯ ಜೊತೆಗಾತಿ ಮೊದಲ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ. ಅವಳ ಮೊದಲ ಪಠ್ಯವಿಷಯವೇ ನರ್ಸಿಂಗ್ ಫೌಂಡೇಶನ್. ಹಾಸಿಗೆ ಹಾಸುವುದು, ಕೈ ತೊಳೆಯುವುದು, ಮಲಗಿದವರನ್ನು ಮಗ್ಗುಲು ಬದಲಿಸುವುದು, ಜ್ವರ-ನಾಡಿ-ಉಸಿರು ನೋಡಿ ಬರೆಯುವುದು. ಅಭ್ಯಾಸಕ್ಕೆ ನನ್ನ ಕೈಯೇ ಸಿಗುತ್ತದೆ. ನಡೆದದ್ದನ್ನು ಹೇಳಿದಾಗ ಅವಳು ನಕ್ಕುಬಿಟ್ಟಳು. 'ಅಕ್ಕಾ, ನಮಗೆ ಫಸ್ಟ್ ದಿನವೇ ಹೇಳಿದ್ದು, ಹಿಂದಿನ ಪಾಳಿಯವರು ಎಷ್ಟು ಬರೆದಿದ್ದಾರೆ ಅಂತ ನೋಡಿಕೊಂಡು ಎಣಿಸಬೇಡಿ ಅಂತ. ನೋಡಿದ್ರೆ ಅಷ್ಟೇ ಬರುತ್ತೆ.'

ಅವಳ ಟಿ.ಪಿ.ಆರ್. ಚಾರ್ಟ್ ನೋಡಿದಾಗ ನನಗೆ ಇನ್ನೊಂದು ವಿಷಯ ಹೊಳೆಯಿತು. ದೇಹದ ತಾಪ, ನಾಡಿ, ಉಸಿರು ಮೂರೂ ಒಂದೇ ಹಾಳೆಯಲ್ಲಿ, ಒಂದರ ಕೆಳಗೊಂದು. ನಮ್ಮ ಏಳನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲೂ ಈ ಮೂರೂ ಇವೆ. ಆದರೆ ಜ್ವರಮಾಪಕ ಉಷ್ಣದ ಪಾಠದಲ್ಲಿದೆ, ಉಸಿರಾಟದ ದರ ಉಸಿರಾಟದ ಪಾಠದಲ್ಲಿದೆ, ನಾಡಿ ಸಾಗಾಣಿಕೆಯ ಪಾಠದಲ್ಲಿದೆ. ಉಷ್ಣದ ಪಾಠ ಮುಗಿದು ತಿಂಗಳುಗಳಾದ ಮೇಲೆ ನಾಡಿ ಬರುತ್ತದೆ. ಮನೆಯಲ್ಲಿ ಕಾಯಿಲೆ ಬಿದ್ದವರಿಗೆ ಅವು ಮೂರೂ ಒಟ್ಟಿಗೇ ಬರುತ್ತವೆ.

ಗ್ರಂಥಾಲಯದಲ್ಲಿ ಹುಡುಕುತ್ತಾ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟಿಸಿದ 'ನೋಟ್ಸ್ ಆನ್ ನರ್ಸಿಂಗ್' ಕೈಗೆ ಬಂತು. ದೀಪ ಹಿಡಿದ ಮಹಿಳೆ ಎಂದಷ್ಟೇ ಅವರನ್ನು ನಮ್ಮ ಪಠ್ಯಗಳು ಪರಿಚಯಿಸುತ್ತವೆ. ಆದರೆ ಆಕೆ ಅಂಕಿಅಂಶದ ಮನುಷ್ಯೆ. ಕ್ರಿಮಿಯನ್ ಯುದ್ಧದಲ್ಲಿ ಸತ್ತ ಸೈನಿಕರ ಲೆಕ್ಕವನ್ನು ಚಿತ್ರನಕ್ಷೆಯಾಗಿ ಬರೆದು, ಗಾಯಕ್ಕಿಂತ ತಡೆಯಬಹುದಾಗಿದ್ದ ಸೋಂಕುರೋಗಗಳಿಂದಲೇ ಹೆಚ್ಚು ಜನ ಸತ್ತರೆಂದು ಸರ್ಕಾರಕ್ಕೆ ತೋರಿಸಿದವರು. ಆ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದರ ಬಗ್ಗೆಯೇ ಒಂದು ಅಧ್ಯಾಯವಿದೆ. ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆಯನ್ನು ರೋಗಿಯ ಮುಂದೆ ಕೇಳಿದರೆ ಸಿಗುವ ಮಾಹಿತಿಗೆ ಬೆಲೆಯಿಲ್ಲ ಎಂಬುದು ಅಲ್ಲಿನ ಒಂದು ಮುಖ್ಯ ಮಾತು. 'ಎಲ್ಲರಿಗೂ ಎಪ್ಪತ್ತೆರಡು ಬಂತಾ' ಎಂಬ ನನ್ನ ಪ್ರಶ್ನೆ ಅಂಥದ್ದೇ. ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನಿಸುವ ಕೌಶಲಕ್ಕೆ ನನಗೆ ಒಳ್ಳೆಯ ಅಂಕ ಬಂದಿತ್ತು ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಮಾರ್ಗದರ್ಶಕ ಶಿಕ್ಷಕಿಯವರನ್ನು ಕೇಳಿಕೊಂಡು ಎರಡು ಅವಧಿ ಪಡೆದೆ. ಕಪ್ಪುಹಲಗೆ ಖಾಲಿ, ಪಠ್ಯಪುಸ್ತಕ ಬ್ಯಾಗಿನೊಳಗೆ. 2021ರ ಎರಡನೆಯ ಅಲೆಯ ನೆನಪಿನಿಂದ ಶುರು ಮಾಡಿದೆ. ಆಗ ಕೊರೊನಾ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದವರು ಬೆರಳಿಗೆ ಆಕ್ಸಿಮೀಟರ್ ಹಾಕಿ ಓದಿ ಬರೆದಿಡಬೇಕಿತ್ತು. 94ಕ್ಕಿಂತ ಇಳಿದರೆ ವೈದ್ಯರಿಗೆ ತಿಳಿಸಬೇಕಿತ್ತು. ಈ ಮಕ್ಕಳಿಗೆ ಅದು ಅರೆಬರೆ ನೆನಪು. 'ನಮ್ಮಮ್ಮ ಕ್ಯಾಲೆಂಡರ್ ಮೇಲೆ ಬರೀತಿದ್ರು ಮಿಸ್' ಎಂದ ಒಬ್ಬ. ನಾನು ಕೇಳಿದೆ, 'ನಿನ್ನೆ 97 ಇತ್ತು, ಇವತ್ತೂ ಅಷ್ಟೇ ಇರುತ್ತೆ ಅಂತ ಅಮ್ಮ ನೋಡದೇ ಬರೆದಿದ್ದರೆ?' ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: 'ಕಮ್ಮಿ ಆಗಿದ್ರೆ ಗೊತ್ತೇ ಆಗ್ತಿರಲಿಲ್ಲ.' ಅಂದಿನ ಕಲಿಕಾಫಲ ಅಷ್ಟೇ. ಉಳಿದದ್ದೆಲ್ಲ ಕೈಗೆ ಅಭ್ಯಾಸ.

ನಾಡಿಗೆ ಬಂದೆವು. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಒಳಬದಿಯಲ್ಲಿ ತೋರುಬೆರಳು ಮತ್ತು ನಡುಬೆರಳಿನ ತುದಿ ಇಡಬೇಕು. ಹೆಬ್ಬೆರಳಿನಿಂದ ಹಿಡಿದರೆ ಅದರದ್ದೇ ಮಿಡಿತ ಸೇರಿಕೊಳ್ಳುತ್ತದೆ. ಮಕ್ಕಳು ಮಾಡುವ ದೊಡ್ಡ ತಪ್ಪು ಜೋರಾಗಿ ಒತ್ತುವುದು. ಒತ್ತಿದರೆ ನಾಡಿ ಸಿಗುವುದೇ ಇಲ್ಲ. ಹಣ್ಣಾಗಿದೆಯೇ ಎಂದು ಮಾವನ್ನು ಮುಟ್ಟಿ ನೋಡುವಷ್ಟು ಸಾಕು ಎಂದ ಮೇಲೆ ಹೆಚ್ಚಿನವರಿಗೆ ಸಿಕ್ಕಿತು. ಐದು ನಿಮಿಷ ಸುಮ್ಮನೆ ಕೂರಿಸಿ, ಆಮೇಲೆ ಪೂರ್ತಿ ಒಂದು ನಿಮಿಷ ಎಣಿಸಿದೆವು. ತರಗತಿಯ ಗೋಡೆ ಗಡಿಯಾರಕ್ಕೆ ಸೆಕೆಂಡಿನ ಮುಳ್ಳಿರಲಿಲ್ಲ, ನಾನೇ ಫೋನ್ ನೋಡಿ 'ಶುರು', 'ನಿಲ್ಲಿಸಿ' ಎಂದೆ. (ಇದು ಹಳೆಯ ಕಷ್ಟವೇ. 1707ರಲ್ಲಿ ಜಾನ್ ಫ್ಲಾಯರ್ ಎಂಬ ಇಂಗ್ಲಿಷ್ ವೈದ್ಯ ನಾಡಿ ಎಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರದ ಬಗ್ಗೆ ಪುಸ್ತಕ ಬರೆದ.)

ಪೂರ್ತಿ ನಿಮಿಷ ಏಕೆ ಎಂಬುದು ಗಣಿತದ ಪ್ರಶ್ನೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಉತ್ತರ ಯಾವಾಗಲೂ 4ರ ಗುಣಕ: 68, 72, 76, 80. ಒಂದು ಬಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ. ಮೊದಲ ಪಾಠದ ಪುಸ್ತಕಗಳಲ್ಲಿ ಬೆಸಸಂಖ್ಯೆ ಒಂದೂ ಇರಲಿಲ್ಲ ಎಂದು ಆಮೇಲೆ ಗಮನಿಸಿದೆ. ಈ ಸಲ 83, 91, 77, 88 ಬಂದವು. ವಯಸ್ಕರಲ್ಲಿ ವಿಶ್ರಾಂತಿಯ ನಾಡಿ 60ರಿಂದ 100ರವರೆಗೆ ಸಹಜ, ಮಕ್ಕಳಲ್ಲಿ ಇನ್ನೂ ಹೆಚ್ಚು, ಹುಟ್ಟಿದ ಕೂಸಿನದು 120ರಿಂದ 160 ಎಂದು ಇಷ್ಟಾದ ಮೇಲೆ ಹೇಳಿದೆ. ಪುಸ್ತಕದ 72 ಸುಳ್ಳಲ್ಲ, ಅದು ಎಲ್ಲರದ್ದೂ ಅಲ್ಲ.

ಉಸಿರಿನದು ಬೇರೆ ಕಥೆ. ನಿನ್ನ ಉಸಿರು ಎಣಿಸುತ್ತೇನೆ ಎಂದು ಹೇಳಿದ ಕೂಡಲೇ ಎದುರಿನವರ ಉಸಿರು ಬದಲಾಗುತ್ತದೆ. ಆದ್ದರಿಂದ ನರ್ಸುಗಳು ನಾಡಿ ಎಣಿಸಿದ ಮೇಲೂ ಮಣಿಕಟ್ಟು ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವಂತೆ ಇದ್ದು, ಎದೆಯ ಏರಿಳಿತ ಎಣಿಸುತ್ತಾರೆ. ಒಂದು ಏರು, ಒಂದು ಇಳಿತ ಸೇರಿ ಒಂದು ಉಸಿರು. ಜೋಡಿಯಲ್ಲಿ ಒಬ್ಬರಿಗೆ ಮಾತ್ರ ಇದನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಹುಡುಗಿಯರಿಗೆ ಹುಡುಗಿಯರು, ಹುಡುಗರಿಗೆ ಹುಡುಗರು ಜೊತೆ. ಆಮೇಲೆ ಗುಟ್ಟು ಬಿಚ್ಚಿ, ಹೇಳಿಯೇ ಇನ್ನೊಮ್ಮೆ ಎಣಿಸಿದೆವು. ಎರಡು ಸಂಖ್ಯೆ ಒಂದೇ ಬಂದ ಜೋಡಿಗಳು ಬಹಳ ಕಡಿಮೆ. 'ಇದು ಮೋಸ ಅಲ್ವಾ ಮಿಸ್?' ಎಂದು ಒಬ್ಬಳು ಕೇಳಿದಳು. ಅದಕ್ಕೆ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಎಣಿಸಿ ಆದ ಮೇಲೆ ಹೇಳಿಬಿಟ್ಟರೆ ಸರಿಯೇ ಎಂದು ತರಗತಿಯೇ ತೀರ್ಮಾನಿಸಿತು.

ತಾಪದಲ್ಲಿ ತೊಡಕು ಅಳತೆಯ ಮಾನದ್ದು. ಪುಸ್ತಕದಲ್ಲಿ ಸೆಲ್ಸಿಯಸ್, 35ರಿಂದ 42. ಮನೆಯಲ್ಲಿ 'ನೂರ ಒಂದು ಜ್ವರ'. 37 ಡಿಗ್ರಿ ಸೆಲ್ಸಿಯಸ್ ಎಂದರೆ 98.6 ಫ್ಯಾರನ್‌ಹೀಟ್, 38 ಎಂದರೆ 100.4 ಎಂದು ಅವರೇ ಲೆಕ್ಕ ಹಾಕಿದರು. ಎಲ್ಲಿಟ್ಟು ನೋಡಿದ್ದು ಎಂಬುದನ್ನೂ ಬರೆಯಬೇಕು, ಏಕೆಂದರೆ ಕಂಕುಳಿನ ಅಳತೆ ಬಾಯಿಯದಕ್ಕಿಂತ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಡಿಮೆ ಬರುತ್ತದೆ. ಪಾದರಸದ ಮಾಪಕ ತರಗತಿಗೆ ತರಲಿಲ್ಲ. ಒಡೆದರೆ ಕಷ್ಟ, ಒಂದು ಡಿಜಿಟಲ್ ಮಾಪಕ, ಸ್ಪಿರಿಟ್, ಹತ್ತಿ ಸಾಕಾಯಿತು.

ಬರೆಯುವುದಕ್ಕೆ ನಿಯಮಗಳು ಮೂರೇ: ಪೆನ್ನಿನಲ್ಲಿ ಬರೆಯಬೇಕು, ಸಮಯ ಹಾಕಬೇಕು, ಅಳಿಸಬಾರದು. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಹೆಸರಿನ ಮೊದಲಕ್ಷರ ಹಾಕಬೇಕು. ಆಸ್ಪತ್ರೆಯ ಕಡತದ ರೀತಿಯೂ ಇದೇ. ಮನೆಯಲ್ಲಿ ಒಪ್ಪುವ ಹಿರಿಯರೊಬ್ಬರದ್ದನ್ನು ಎರಡು ದಿನ ಬರೆದು ತರಲು ಹೇಳಿದೆ.

ಇಲ್ಲಿ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ. ಒಬ್ಬ ಹುಡುಗ ತನ್ನ ತಾತನ ಪಟ್ಟಿಯಲ್ಲಿ ಸಂಖ್ಯೆಯ ಪಕ್ಕ 'ನಡುನಡುವೆ ತಪ್ಪುತ್ತೆ' ಎಂದು ಬರೆದು ತಂದ. ನನಗೆ ಗಾಬರಿಯಾಯಿತು. ನಾವು ವೈದ್ಯರಲ್ಲ, ಮಗುವಿನ ಎದುರು ರೋಗದ ಹೆಸರು ಹೇಳುವ ಹಕ್ಕೂ ನಮಗಿಲ್ಲ. ಮಾರ್ಗದರ್ಶಕ ಶಿಕ್ಷಕಿಯವರಿಗೆ ತಿಳಿಸಿದೆ, ಅವರು ಮನೆಗೆ ಫೋನ್ ಮಾಡಿದರು. ಅಲ್ಲಿ ಅದು ಹಳೆಯ ಸುದ್ದಿ. ತಾತ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ತೋರಿಸಿಕೊಂಡು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಹುಡುಗನಿಗೆ ಮಾತ್ರ ಅದು ಹೊಸದು, ಅವನ ಬೆರಳಿಗೆ ಸಿಕ್ಕಿದ್ದು. ಹದಿನೈದು ಸೆಕೆಂಡು ಎಣಿಸಿದ್ದರೆ ಸಿಗದೆಯೂ ಹೋಗಬಹುದಿತ್ತು. ಇನ್ನೊಂದು ಮಾತು: ಮನೆಯವರ ಪಟ್ಟಿಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಡಿ. ಮೊದಲನೆಯದನ್ನು ನಾನು ಓದಿಸಿದೆ. ಯಾರದೋ ಅಮ್ಮನ ಜ್ವರ ಇಡೀ ತರಗತಿಗೆ ಸುದ್ದಿಯಾಯಿತು. ಅಲ್ಲಿಗೇ ನಿಲ್ಲಿಸಿದೆ.

ಪಟ್ಟಿಗಳನ್ನು ನೋಡುತ್ತಾ ನನ್ನದೇ ದಾಖಲೆ ಪುಸ್ತಕ ನೆನಪಾಯಿತು. ಮೊದಲ ಪಾಠದ ಯೋಜನೆಯಲ್ಲಿ ಮೌಲ್ಯಮಾಪನದ ಅಂಕಣಕ್ಕೆ 'ಎಲ್ಲ ವಿದ್ಯಾರ್ಥಿಗಳೂ ನಾಡಿಬಡಿತವನ್ನು ಸರಿಯಾಗಿ ಎಣಿಸಿದರು' ಎಂದು ನಾನು ಹಿಂದಿನ ರಾತ್ರಿಯೇ ಬರೆದಿಟ್ಟಿದ್ದೆ. ಬೆಳಿಗ್ಗೆ ಸಹಿಗೆ ಕೊಡಬೇಕಲ್ಲ. ನಮ್ಮಲ್ಲಿ ಹೀಗೆ ಬರೆಯದವರು ಎಷ್ಟು ಮಂದಿ ಇದ್ದೇವೆ ಎಂದು ಕೇಳಿದರೆ ಕೈ ಎತ್ತುವವರು ಕಡಿಮೆ. ಆ ಸಾಲಿಗೆ ಒಂದು ಗೆರೆ ಹೊಡೆದು, ಪಕ್ಕದಲ್ಲಿ 'ಹೆಚ್ಚಿನವರು ಎಣಿಸಲಿಲ್ಲ, ಕಪ್ಪುಹಲಗೆ ನೋಡಿ ಬರೆದರು' ಎಂದು ಬರೆದು, ದಿನಾಂಕ ಮತ್ತು ಮೊದಲಕ್ಷರ ಹಾಕಿದೆ. ಮಾರ್ಗದರ್ಶಕ ಶಿಕ್ಷಕಿಯವರು ಓದಿದರು, ಏನೂ ಹೇಳದೆ ಅದರ ಕೆಳಗೆ ಸಹಿ ಮಾಡಿದರು.

ಜ್ವರ ಬಂದಿದ್ದ ಹುಡುಗಿ ಎರಡನೆಯ ಅವಧಿಯ ಹೊತ್ತಿಗೆ ಶಾಲೆಗೆ ಬಂದಿದ್ದಳು. ಅವಳ ಪಟ್ಟಿಯಲ್ಲಿ ಮೊದಲ ಸಾಲು: ನಾಡಿ 96, ಬೆಳಿಗ್ಗೆ 11.20, ಕೆಳಗೆ ಕಂಸದಲ್ಲಿ 'ಈಗ ತಾನೇ ನೀರು ಕುಡಿಯೋಕೆ ಓಡಿ ಹೋಗಿ ಬಂದೆ'. ಎರಡನೆಯ ಸಾಲು: 85, 11.30.