ಮಹಡಿಯ ಮೇಲೆ ಸ್ವಂತ ವಿದ್ಯುತ್ತು: ಮೊದಲು ಲೆಕ್ಕ, ಆಮೇಲೆ ತಂತಿ

ಭಾನುವಾರ ಬೆಳಿಗ್ಗೆ ಅಬಿಡ್ಸಿನ ಕಾಲುದಾರಿಯ ಮೇಲೆ ಹಳೆಯ ಪುಸ್ತಕಗಳ ರಾಶಿ ಬೀಳುತ್ತದೆ. ಮನೆಯಲ್ಲೇ ವಿದ್ಯುತ್ತು ತಯಾರಿಸುವುದನ್ನು ಹೇಳಿಕೊಡುವ ಪುಸ್ತಕವೊಂದು ಅಲ್ಲಿ ನಮ್ಮ ಕೈಗೆ ಸಿಕ್ಕಿತು. ತಂತಿಗೆ ಟ್ರೂಪ್ ಬಜಾರು, ಬಿಡಿ ಸಾಮಾನಿಗೆ ಕೋಠಿಯ ಗುಜರಾತಿ ಗಲ್ಲಿ, ಎರಡೂ ನಡೆದುಹೋಗುವಷ್ಟೇ ದೂರ. ಹೀಗಿರುವಾಗ ಕೈ ಕಟ್ಟಿ ಕೂರುವುದು ಹೇಗೆ?

ನಾವು ನಾಲ್ಕು ಮಂದಿ ಊರಿಗೆ ಕಳುಹಿಸಬೇಕಾದ ಹಣದಲ್ಲೇ ಸ್ವಲ್ಪ ಉಳಿಸಿ, ಬಾಡಿಗೆ ಕೋಣೆಯ ಮೇಲೆ 100 ವಾಟಿನ ಒಂದು ಸೌರಫಲಕವನ್ನೂ ಒಂದು ಮೀಟರು ಅಗಲದ ಗಾಳಿಚಕ್ರವನ್ನೂ ಕಟ್ಟಿದೆವು. ಚಕ್ರವೇನೋ ತಿರುಗಿತು, ದೀಪ ಹತ್ತಲಿಲ್ಲ. ಮೇ ತಿಂಗಳ ಒಂದು ಸಂಜೆ ಬಿರುಗಾಳಿಗೆ ರೆಕ್ಕೆ ಮುರಿದು ನೀರಿನ ತೊಟ್ಟಿಗೆ ಬಡಿಯಿತು. ಅದೇ ವಾರ ಬ್ಯಾಟರಿಯ ತಂತಿ ಕಾದು, ಪಕ್ಕದ ಮೊಳೆಗೆ ತೂಗುಹಾಕಿದ್ದ ಅಂಗಿ ಕಮರಿತು. ಹಗಲಾದ್ದರಿಂದ ಒಬ್ಬರು ಕಂಡು ತಂತಿ ಕಿತ್ತರು. ನಾವು ನಿದ್ರೆಯಲ್ಲಿದ್ದಾಗ ಆಗಿದ್ದರೆ ಈ ಪಾಠ ಬರೆಯಲು ಯಾರೂ ಉಳಿಯುತ್ತಿರಲಿಲ್ಲವೇನೋ. ನಾವು ತಪ್ಪಿದ್ದೆಲ್ಲಿ ಎಂಬುದನ್ನು ಬಾಂಧವರ ಮುಂದಿಡುತ್ತೇವೆ.

ಗಾಳಿಯ ಲೆಕ್ಕ

ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎಂಟರಷ್ಟಾಗುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಒಂದು ಮೀಟರು ಅಗಲದ ಚಕ್ರಕ್ಕೆ ಸೆಕೆಂಡಿಗೆ 3 ಮೀಟರು ವೇಗದ ಗಾಳಿ ಬಡಿದರೆ, ಆ ಗಾಳಿಯಲ್ಲಿರುವ ಒಟ್ಟು ಶಕ್ತಿಯೇ ಸುಮಾರು 12 ವಾಟು. ಅದರಲ್ಲಿ ಯಾವ ಚಕ್ರವೂ ನೂರಕ್ಕೆ 59 ಪಾಲಿಗಿಂತ ಹೆಚ್ಚು ಹಿಡಿಯಲಾರದೆಂದು ಜರ್ಮನಿಯ ವಿಜ್ಞಾನಿ ಆಲ್ಬರ್ಟ್ ಬೆಟ್ಸ್ ತೋರಿಸಿಕೊಟ್ಟಿದ್ದಾರೆ. ಕೈಯಲ್ಲಿ ಮಾಡಿದ ಚಕ್ರಕ್ಕೆ ಮೂರು ವಾಟು ದಕ್ಕಿದರೆ ಹೆಚ್ಚು. ನಮ್ಮ ದೀಪ ಹತ್ತದ ಗುಟ್ಟು ಇಷ್ಟೇ.

ಗದಗದ ಕಪ್ಪತಗುಡ್ಡದ ಕಡೆಯಲ್ಲೂ ಚಿತ್ರದುರ್ಗದ ಗುಡ್ಡಗಳ ಮೇಲೂ ಗಾಳಿಯಂತ್ರಗಳನ್ನು ಕಂಡವರು ನಮ್ಮಲ್ಲಿದ್ದಾರೆ. ಅಲ್ಲಿ ಗಾಳಿ ತಡೆಯಿಲ್ಲದೆ ಬೀಸುತ್ತದೆ. ಅಬಿಡ್ಸಿನ ಕಟ್ಟಡಗಳ ನಡುವೆ ಅದು ಸುಳಿಸುಳಿಯಾಗಿ ಒಡೆದುಹೋಗುತ್ತದೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಣದಲ್ಲಿ ನಿಂತವನಿಗೆ ಹೇಳಿದ್ದು, ಸಂದಿಯಲ್ಲಿ ನಿಂತವನಿಗಲ್ಲ.

ಆಫ್ರಿಕಾದ ಮಲಾವಿ ದೇಶದ ವಿಲಿಯಂ ಕಾಂಕ್ವಾಂಬಾ ಎಂಬ ಹುಡುಗ ಶಾಲೆಯ ಶುಲ್ಕ ಕಟ್ಟಲಾಗದೆ ಗ್ರಂಥಾಲಯಕ್ಕೆ ಹೋಗಿ, ಅಲ್ಲಿಯ ಪುಸ್ತಕ ನೋಡಿ, ಸುಮಾರು 2002ರಲ್ಲಿ ಹಳೆಯ ಸೈಕಲ್ಲಿನ ಭಾಗಗಳಿಂದ ಗಾಳಿಯಂತ್ರ ಕಟ್ಟಿದ್ದು ಸತ್ಯ. ಆದರೆ ಅವನದು ಬಯಲು ಹಳ್ಳಿ, ಮೇಲಾಗಿ ಅಲ್ಲಿ ವಿದ್ಯುತ್ತೇ ಇರಲಿಲ್ಲ. ಮರಗಳು ಗಾಳಿಯನ್ನು ತಡೆಯುವುದನ್ನು ಕಂಡು ಅವನೂ ಮುಂದೆ ಗೋಪುರವನ್ನು ಎತ್ತರಿಸಬೇಕಾಯಿತು. ಅವನ ಛಲವನ್ನು ನಾವು ಕಲಿಯೋಣ. ಜಾಗ ನೋಡದೆ ಅವನ ಯಂತ್ರವನ್ನು ನಕಲು ಮಾಡುವುದು ಬೇಡ.

ಬಿಸಿಲಿನ ಲೆಕ್ಕ

ನಮ್ಮ ಊರಿನಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ಫಲಕದ ಬೆನ್ನ ಮೇಲೆ ಬರೆದ 100 ವಾಟು ಕಾರ್ಖಾನೆಯ ಪರೀಕ್ಷೆಯ ಮಾತು. ಆಗ ಫಲಕದ ಶಾಖ 25 ಡಿಗ್ರಿ ಇರುತ್ತದೆ. ಬೇಸಿಗೆಯ ಮಧ್ಯಾಹ್ನ ನಮ್ಮ ಮಹಡಿಯ ಮೇಲೆ ಅದು 60 ಡಿಗ್ರಿ ಮುಟ್ಟಿದಾಗ ನೂರಕ್ಕೆ ಸುಮಾರು 14 ಪಾಲು ನಷ್ಟ. ತೊಟ್ಟಿಯ ನೆರಳೋ ಒಣಹಾಕಿದ ಪಂಚೆಯ ನೆರಳೋ ಒಂದು ಮೂಲೆಗೆ ಬಿದ್ದರೂ ಸಾಕು, ಕೋಶಗಳೆಲ್ಲ ಸರಪಳಿಯ ಕೊಂಡಿಗಳಂತೆ ಸಾಲಾಗಿರುವುದರಿಂದ ಇಡೀ ಫಲಕ ಸೊರಗುತ್ತದೆ. ಧೂಳು, ತಂತಿ, ಬ್ಯಾಟರಿಗಳ ನಷ್ಟವನ್ನೂ ಕಳೆದರೆ ಒಳ್ಳೆಯ ದಿನ ಕೈಗೆ ಬರುವುದು ಸುಮಾರು 350 ವಾಟ್-ಗಂಟೆ, ಎಂದರೆ ಒಂದು ಯೂನಿಟ್ಟಿನ ಮೂರನೆಯ ಒಂದು ಪಾಲು.

ಈಗ ಖರ್ಚು ನೋಡಿ. 75 ವಾಟಿನ ಹಳೆಯ ಫ್ಯಾನು ಎಂಟು ಗಂಟೆ ತಿರುಗಿದರೆ 600 ವಾಟ್-ಗಂಟೆ ಬೇಕು, ಸಾಲದು. 30 ವಾಟಿನ ಹೊಸ ಬಗೆಯ ಫ್ಯಾನಿಗೆ 240, ಒಂಬತ್ತು ವಾಟಿನ ಎಲ್‌ಇಡಿ ದೀಪ ಐದು ಗಂಟೆ ಉರಿದರೆ 45. ಇಷ್ಟಾದರೆ ಸಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ತಂತಿ ಮತ್ತು ಬ್ಯಾಟರಿ

ಅಪಾಯ ಇರುವುದು ಇಲ್ಲಿ. 12 ವೋಲ್ಟ್ ಮುಟ್ಟಿದರೆ ಷಾಕ್ ಹೊಡೆಯದು, ಆದ್ದರಿಂದ ಭಯವಿಲ್ಲ ಎಂದುಕೊಂಡೆವು. ವೋಲ್ಟ್ ಕಡಿಮೆಯಾದಷ್ಟೂ ಆಂಪಿಯರ್ ಹೆಚ್ಚುವುದನ್ನು ಮರೆತೆವು. 12 ವೋಲ್ಟಿನಲ್ಲಿ 100 ವಾಟು ಎಂದರೆ ಎಂಟು ಆಂಪಿಯರಿಗೂ ಮಿಗಿಲು. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಹತ್ತು ಮೀಟರು ದೂರ ಎಳೆದರೆ, ಹೋಗಿಬರುವ ದಾರಿಯಲ್ಲೇ ಸುಮಾರು ಎರಡು ವೋಲ್ಟ್ ಕರಗುತ್ತದೆ. ನಾವು ಬಳಸಿದ್ದು ಅದಕ್ಕಿಂತಲೂ ತೆಳ್ಳನೆಯದು. ಆರು ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟ ಅರ್ಧ ವೋಲ್ಟ್ ಮಾತ್ರ. ಬ್ಯಾಟರಿಯ ತುದಿಗೆ ಹತ್ತಿರದಲ್ಲೇ ಫ್ಯೂಜ್ ಇಲ್ಲದಿದ್ದರೆ, ಎರಡು ತಂತಿ ತಗುಲಿದ ಕ್ಷಣ ನೂರಾರು ಆಂಪಿಯರ್ ಹರಿದು ಬೆಂಕಿಯೇಳುತ್ತದೆ. ಗೋಡೆಯ ಸಾಮಾನ್ಯ ಸ್ವಿಚ್ಚನ್ನೂ ಇದಕ್ಕೆ ನಂಬಬಾರದು. ಮನೆಯ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನ ಕಿಡಿ ಆರುತ್ತದೆ. ಬ್ಯಾಟರಿಯ ಏಕಮುಖ ವಿದ್ಯುತ್ತಿನ ಕಿಡಿ ಹಾಗೆ ತಾನಾಗಿ ಆರುವುದಿಲ್ಲ.

ಸೀಸದ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಕಿಡಿ ತಗುಲಿದರೆ ಅದು ಸಿಡಿಯುತ್ತದೆ. ಮಲಗುವ ಕೋಣೆಯಲ್ಲಿ, ಮಂಚದ ಕೆಳಗೆ ಅದನ್ನು ಇಡಬೇಡಿ. ಕಾರಿನ ಬ್ಯಾಟರಿ ಗಾಡಿಯನ್ನು ಎಬ್ಬಿಸಲು ಮಾಡಿದ್ದು; ದಿನವೂ ಬರಿದು ಮಾಡಿದರೆ ಬೇಗನೆ ಸಾಯುತ್ತದೆ. ಹಳೆಯ ಸ್ಕೂಟರಿನ ಲಿಥಿಯಂ ಬ್ಯಾಟರಿಯನ್ನು ಬಿಚ್ಚಿ ಜೋಡಿಸುವ ಸಾಹಸವಂತೂ ಬೇಡವೇ ಬೇಡ.

ಇನ್ನೊಬ್ಬರ ಪ್ರಾಣ

ಇನ್ವರ್ಟರಿನ ತಂತಿಯನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸಿ ಕೋಣೆಗೆಲ್ಲ ಬೆಳಕು ಕೊಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಕರೆಂಟು ಹೋದಾಗ ಆ ವಿದ್ಯುತ್ತು ಬೀದಿಯ ತಂತಿಗೆ ಹಿಂದಿರುಗಿ ಹರಿಯಬಹುದು. ತಂತಿ ಸತ್ತಿದೆಯೆಂದು ನಂಬಿ ಕಂಬವೇರಿದ ಲೈನ್‌ಮನ್ ನಮ್ಮಂತೆಯೇ ದುಡಿದುಣ್ಣುವವನು. ಹೀಗೆ ಮಾಡುವವರನ್ನು ಕಂಡರೆ ತಡೆಯಿರಿ.

ಸ್ವಂತ ಮನೆಯುಳ್ಳವರಿಗೆ ಬೇರೆ ದಾರಿಯಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೊವಾಟಿನ ಫಲಕಗಳಿಗೆ 78,000 ರೂಪಾಯಿ ಸಹಾಯಧನ ಘೋಷಿತವಾಯಿತು. ಅದಕ್ಕೆ ನೋಂದಾಯಿತ ಗುತ್ತಿಗೆದಾರರೇ ಜೋಡಿಸಬೇಕು. ಕೈಯಲ್ಲಿ ಕಟ್ಟಿದ್ದಕ್ಕೆ ಅದು ಸಲ್ಲದು.

ನಮ್ಮಂತಹ ಬಾಡಿಗೆಯವರು ಏನು ಮಾಡಬೇಕು? ಬೆಂಗಳೂರಿನಲ್ಲಿ 1995ರಲ್ಲಿ ಹರೀಶ್ ಹಂದೆಯವರು ಜೊತೆಗೂಡಿ ಸ್ಥಾಪಿಸಿದ ಸೆಲ್ಕೊ ಸಂಸ್ಥೆ ಬಡವರ ಮನೆಗಳಿಗೆ ಸೌರದೀಪ ಮುಟ್ಟಿಸಿತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಮನೆಗೆ ಎಷ್ಟು ಬೆಳಕು ಬೇಕು, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ ಎಂದು ಮೊದಲೇ ವಿಚಾರಿಸುವುದು ಅವರ ಕ್ರಮ. ನಾವು ಮರೆತದ್ದು ಈ ಎರಡು ಪ್ರಶ್ನೆಗಳನ್ನೇ.

ಕೈಕೆಲಸ ಕಲಿಯಬೇಡಿರೆಂದು ನಾವು ಹೇಳುವುದಿಲ್ಲ. ಹತ್ತು ವಾಟಿನ ಫಲಕ, ಚಾರ್ಜ್ ಕಂಟ್ರೋಲರು, ಚಿಕ್ಕ ಬ್ಯಾಟರಿ, ಫ್ಯೂಜ್, ಒಂದು ದೀಪ, ಇಷ್ಟರಿಂದ ಆರಂಭಿಸಿ. ಮಾಲೀಕರ ಒಪ್ಪಿಗೆ ಪಡೆಯಿರಿ. ಸಾಮಾನು ಕೊಳ್ಳುವ ಮುಂಚೆ ನಿಮ್ಮ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ವಾಚನಾಲಯಕ್ಕೆ ತನ್ನಿ, ಕೂತು ನೋಡೋಣ. ಹಾಳೆಯ ಮೇಲಿನ ತಪ್ಪನ್ನು ರಬ್ಬರಿನಿಂದ ಅಳಿಸಬಹುದು.